ಕಾಗೆ ಬಾರದ ಎಡೆ

ಕಡಲು ಏರಿ ಊರಗುಡ್ಡ ದ್ವೀಪವಾದ ಮೇಲೆ, ಅಲ್ಲಿ ಹೊಸದೊಂದು ಜೀವ ನೆಲೆಯೂರಿದರೆ ಹಳೆಯದೊಂದು ಪೂರ್ತಿ ಕಾಣೆಯಾಗುತ್ತಿತ್ತು. ಹಾಗಾಗಿ ದೋಣಿಯಿಂದ ಇಳಿದವರೆಲ್ಲ ಬಟ್ಟೆ ಕೊಡವಿ, ಕಾಲು ತೊಳೆದೇ ಮೇಲೆ ಹತ್ತುತ್ತಿದ್ದರು. ಹೋದ ಮಳೆಗಾಲ ಯಾರದೋ ಸೆರಗಿಗಂಟಿದ್ದ ಬೀಜ ಮೊಳೆತು ಕಪ್ಪೆಗಳೆಲ್ಲ ಹೋಗಿದ್ದವು. ಜನ ಅದಕ್ಕೂ ಹೊಂದಿಕೊಂಡಿದ್ದರು.

ತಾಯಿ ತೀರಿಕೊಂಡ ಸುದ್ದಿ ಕೇಳಿ ಲಚ್ಚಿ ಆಚೆ ದಡದಿಂದ ಬಂದಿದ್ದಳು. ಉತ್ತರಕ್ರಿಯೆಯ ದಿನ ಅಣ್ಣ ಸೋಮ ಬಂಡೆಯ ಮೇಲೆ ಎಡೆಯಿಟ್ಟು ಕಾಗೆಗಳನ್ನು ಕರೆದ. ಕಾಗೆ ಮುಟ್ಟಿದರೇ ತಾಯಿ ಉಂಡಂತೆ. ನಿನ್ನೆಯವರೆಗೂ ತೆಂಗಿನ ಮರದಲ್ಲಿ ಗಲಾಟೆ ಮಾಡುತ್ತಿದ್ದವು. ಈಗ ಒಂದೂ ಇಲ್ಲ.

ಸೋಮ ತಂಗಿಯತ್ತ ತಿರುಗಿದ. "ಎಂತ ತಂದಿದ್ದೀ ಮಾರಾಯ್ತಿ?"

"ಹೆತ್ತ ಅಬ್ಬಿಗೆ ಮಲ್ಲಿಗೆ ಅಂದ್ರೆ ಜೀವ ಅಲ್ದಾ? ಇಲ್ಲಿ ಇರ್ಲಿಲ್ಲ. ಜಡೆಯೊಳಗೆ ಒಂದು ಕಡ್ಡಿ ಇಟ್ಕೊಂಡು ಬಂದೆ. ಅವಳನ್ನು ಸುಟ್ಟ ಜಾಗದಲ್ಲಿ ನೆಟ್ಟೆ. ನಿನ್ನೆ ಚಿಗುರಿತು."

"ಕಿತ್ತು ಬಿಸಾಡ್ತೇನೆ!"

"ಕಿತ್ರೆ ಹೋದದ್ದು ಮತ್ತೆ ಬರುದುಂಟಾ?" ಎಂದು ಲಚ್ಚಿ ಅತ್ತಳು.

ಸಂಜೆಯವರೆಗೆ ಕಾದರು. ಎಡೆ ಒಣಗಿತು.

ಅಂದಿನಿಂದ ಅವರು ಉಣ್ಣಲು ಕೂತಾಗಲೆಲ್ಲ ಒಲೆಯ ಬದಿಯಲ್ಲಿ ಯಾರೋ ಮೆಲ್ಲಗೆ ಬಂದು ಕೂತ ಸಪ್ಪಳವಾಗುತ್ತದೆ. ಲಚ್ಚಿ ತನ್ನ ತಟ್ಟೆಯನ್ನು ಅತ್ತ ಸರಿಸುತ್ತಾಳೆ. ಅನ್ನ ಹಾಗೇ ಉಳಿಯುತ್ತದೆ.