ಹನ್ನೊಂದನೆಯ ತಪಸ್ಸುಕಾಲ

ಪಾಪನಿವೇದನೆಗೆ ಮಂಡಿಯೂರಿದ ಹೆಂಗಸು, ಈಸ್ಟರ್ ಹಬ್ಬಕ್ಕೆ ಮುಂಚಿನ ಪ್ರತಿ ತಪಸ್ಸುಕಾಲದಲ್ಲೂ ಹೇಳುವುದನ್ನೇ ಈ ಸಲವೂ ಹೇಳಿದಳು. ದನಿಯಲ್ಲಿ ಏರಿಳಿತವಿರಲಿಲ್ಲ.

"ನನ್ನ ಗೆಳತಿ ಸಿಸಿಲಿಯಾಳ ಮದುವೆ ಪ್ರಕಟಣೆ ಮೂರು ಭಾನುವಾರ ಚರ್ಚಲ್ಲಿ ಓದಬೇಕಿತ್ತು, ಎರಡನೇ ಭಾನುವಾರದ್ದು ಓದಿದ್ರು ಫಾದರ್. ಅವತ್ತೇ ಗಂಡಿನ ಮನೆಗೆ ಹೋಗಿ, ಹುಡುಗಿಗೆ ಮೂರ್ಛೆರೋಗ ಇದೆ ಅಂತ ಸುಳ್ಳು ಹೇಳ್ದೆ. ಹೊಟ್ಟೆಕಿಚ್ಚು. ಮದುವೆ ಮುರಿದುಬಿತ್ತು, ಮೂರನೇ ಭಾನುವಾರ ಅವಳ ಹೆಸರು ಓದಲೇ ಇಲ್ಲ."

"ಹನ್ನೊಂದು ವರ್ಷದಿಂದ ನನ್ಹತ್ರ ಹೇಳ್ತಿದ್ದೀಯಮ್ಮ. ಅವಳ ಹತ್ರ ಹೇಳಿದ್ಯಾ?"

"ಅವಳು ಊರೇ ಬಿಟ್ಟು ಹೋದ್ಲಲ್ಲ ಫಾದರ್. ಶುಕ್ರವಾರ ಶುಕ್ರವಾರ ಮಂಡೀಲೇ ನಡೆದು ಶಿಲುಬೆ ಹಾದಿ ಪ್ರಾರ್ಥನೆ ಮಾಡ್ತೀನಿ. ಚರ್ಮ ಸತ್ತುಹೋಗಿದೆ, ನೋವೇ ಗೊತ್ತಾಗಲ್ಲ. ಒಂದ್ಸಲ ಎದುರಿಗೆ ಸಿಕ್ಕಿದ್ರೆ ಸಾಕು, ಎಲ್ಲರ ಮುಂದೇನೇ ಅವಳ ಕಾಲು ಹಿಡೀತೀನಿ."

ಜಾಲರಿಯ ಆಚೆ ಪಾದ್ರಿ ಮುಂದಕ್ಕೆ ಬಾಗಿದರು.

"ಸಿಸಿಲಿಯಾ ಅವರಮ್ಮ ತೀರಿಕೊಂಡು ತಿಂಗಳಾಯ್ತಲ್ಲ, ಆ ತಿಂಗಳ ಪೂಜೆಗೆ ಅಂತ ಇವತ್ತು ಬಂದಿದ್ದಾಳಮ್ಮ. ಮುಂಬಾಗಿಲ ಹತ್ತಿರದ ಬೆಂಚಲ್ಲಿ ಕೂತಿದ್ದಾಳೆ. ಹೋಗು."

ಹೆಂಗಸು ತಿರುಗಿ ನೋಡಲಿಲ್ಲ. ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಫಾದರ್, ಹಿಂದಿನ ಬಾಗಿಲು ತೆಗೆದಿದೆಯಾ?"