ಸೇತುವೆಯ ಮೇಲೆ ಮೂವತ್ತೆಂಟು ಜನ

ಸೇತುವೆಯ ನಟ್ಟನಡುವೆ ಬಸ್ಸು ಗಕ್ಕನೆ ನಿಂತಿತು. ಎರಡು ಮಾರು ಮುಂದಕ್ಕೆ ಜಿಗಿಯಿತು, ಮತ್ತೆ ನಿಂತಿತು. ಕಂಪ್ಯೂಟರ್ ಪರದೆಯೆದುರು, ಮೇಜಿಗೆ ಬಿಗಿದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ ಮಾವ ತಲೆಯೆತ್ತದೆ ಕೇಳಿದರು: "ಅಳಿಯಂದ್ರೇ, ಈ ಆಟ ಇರೋದೇ ಹೀಗಾ?"

ಅಳಿಯನ ಮುಖ ಸಣ್ಣದಾಯಿತು. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಮೂವತ್ತಮೂರು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಮಂಕು ಬಡಿದವರಂತೆ ಕೂತಿದ್ದ ಮಾವನಿಗೆಂದು ಒಂದೊಂದೇ ಭಾಗ ಆರಿಸಿ ತಂದು, ತಾನೇ ಜೋಡಿಸಿದ ಯಂತ್ರ ಇದು. ಅಂಗಡಿಯಲ್ಲಿದ್ದ ಹಳೆಯ ಡಬ್ಬಾ ಕಂಪ್ಯೂಟರಿನಲ್ಲೂ ಇದೇ ಆಟ ಇದಕ್ಕಿಂತ ಚೆನ್ನಾಗಿ ಓಡುತ್ತಿತ್ತು. ಮೂರು ದಿನದಿಂದ ಫ್ಯಾನ್ ನೋಡಿದ್ದ, ಶಾಖ ನೋಡಿದ್ದ, ಮೆಮೊರಿ ಕಿತ್ತು ಮತ್ತೆ ಕೂರಿಸಿದ್ದ. ಈಗ ಒಳಕೋಣೆಯಲ್ಲಿದ್ದ ಹೆಂಡತಿಗೆ ಕೂಗಿ ಹೇಳಿದ: "ಗೊತ್ತಾಯ್ತು ಕಣೇ! ಡ್ರೈವರ್ ಹಳೇದು. ಅದನ್ನ ಕಿತ್ತು ಹೊಸದು ಹಾಕಿದ್ರೆ ಬಸ್ಸು ತಾನಾಗೇ ಓಡುತ್ತೆ."

ಮಾವನ ಕೈ ಸ್ಟೀರಿಂಗಿನಿಂದ ಜಾರಿತು. "ನಮ್ಮ ಡಿಪೋ ಮ್ಯಾನೇಜರೂ ಒಂದಿನಾನೂ ಈ ಮಾತು ಅಂದಿರ್ಲಿಲ್ಲ" ಎಂದರು.

"ಅಯ್ಯೋ, ನಿಮಗಲ್ಲ ಮಾವ! ಒಳಗೆ ಚಿತ್ರ ಮೂಡಿಸೋ ಕಾರ್ಡ್ ಇದೆಯಲ್ಲ, ಅದನ್ನ ನಡೆಸೋ ಪ್ರೋಗ್ರಾಮಿಗೆ ಡ್ರೈವರ್ ಅಂತಾರೆ. ಆಟ ಮುಚ್ಚಿ ಕಂಪ್ಯೂಟರ್ ಆಫ್ ಮಾಡ್ಬೇಕು, ಅಷ್ಟೆ."

"ಆಫ್ ಮಾಡೋದಾ? ಒಳಗೆ ಮೂವತ್ತೆಂಟು ಜನ ಇದಾರ್ರೀ."

"ಅವರೆಲ್ಲ ಬೊಂಬೆಗಳು ಮಾವ."

"ಟಿಕೆಟ್ ತಗೊಂಡಿದಾರೆ."

ಮುಂದಿನ ಸ್ಟಾಪಿನಲ್ಲಿ ಜನರನ್ನು ಇಳಿಸಿದ ಮೇಲೆ ಏನು ಬೇಕಾದರೂ ಮಾಡಿಕೊಳ್ಳಿ ಎಂದು ಮಾವ ಮತ್ತೆ ಸ್ಟೀರಿಂಗ್ ಹಿಡಿದರು. ಒಂದು ಕಿಲೋಮೀಟರೂ ಇಲ್ಲದ ದಾರಿಗೆ ಬಸ್ಸು ಎರಡು ಗಂಟೆ ತೆಗೆದುಕೊಂಡಿತು. ಮಗಳು ತಂದ ಕಾಫಿಯನ್ನು ಮಾವ ಮುಟ್ಟಲಿಲ್ಲ, ಡ್ಯೂಟಿಯಲ್ಲಿದ್ದರು. ಮೊದಮೊದಲು ಹಲ್ಲು ಕಚ್ಚಿಕೊಂಡು ನಿಂತಿದ್ದ ಅಳಿಯ, ಆಮೇಲಾಮೇಲೆ ಪರದೆಗೆ ಬಗ್ಗಿ, "ಇನ್ನು ಇನ್ನೂರು ಗಜ ಮಾವ... ಎಡಕ್ಕೆ, ಎಡಕ್ಕೆ ತಗೊಳ್ಳಿ" ಎನ್ನತೊಡಗಿದ. ಕಟ್ಟಕಡೆಗೆ ಕೋಲೂರಿಕೊಂಡು ಒಬ್ಬ ಅಜ್ಜಿ ಇಳಿದಾಗ ಅವನಿಗೇ ಗೊತ್ತಿಲ್ಲದಂತೆ ನಿಟ್ಟುಸಿರು ಬಿಟ್ಟ.

ಅಳಿಯ ಕಂಪ್ಯೂಟರ್ ಆರಿಸಿ ಪೆಟ್ಟಿಗೆಯನ್ನು ಹಿಂದುಮುಂದಾಗಿ ತಿರುಗಿಸಿದ. ಹೆಂಡತಿ ಟಾರ್ಚ್ ಹಿಡಿದಳು.

"ರೀ, ಪರದೆ ವೈರನ್ನ ಇಲ್ಲಿ ಮೇಲೆ ಸಿಕ್ಕಿಸಿದೀರಲ್ಲ, ಕೆಳಗೆ ಚಿತ್ರ ಮೂಡಿಸೋ ಆ ದೊಡ್ಡ ಕಾರ್ಡಿನ ತೂತು ಖಾಲಿ ಬಿದ್ದಿದೆ. ಹಾಗಾದ್ರೆ ಅದಕ್ಕೇನು ಕೆಲಸ?"

ಅಳಿಯ ಬೆವೆತುಹೋದ. ಅಷ್ಟು ದುಬಾರಿಯ ಕಾರ್ಡು ಮೂರು ದಿನದಿಂದ ಕೈಕಟ್ಟಿ ಕೂತಿತ್ತು. ವೈರನ್ನು ಸದ್ದಿಲ್ಲದೆ ಕೆಳಕ್ಕೆ ಸಿಕ್ಕಿಸಿ, ಹೆಂಡತಿಗೆ "ಶ್!" ಎಂದು ಸನ್ನೆ ಮಾಡಿ, ಮಾವನ ಕಡೆ ತಿರುಗಿದ. "ತುಂಬ ಸೂಕ್ಷ್ಮದ ತೊಂದರೆ ಮಾವ. ಬೇರೆ ಯಾರ ಕೈಲೂ ಆಗ್ತಿರಲಿಲ್ಲ."

ಆಟ ಮತ್ತೆ ತೆರೆದಾಗ ಬಸ್ಸು ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಮುಂದಿನ ಸ್ಟಾಪಿನಲ್ಲಿ ಹತ್ತಿಪ್ಪತ್ತು ಜನ ನಿಂತಿದ್ದರು. ಒಬ್ಬ ಗಡಿಯಾರ ನೋಡಿಕೊಳ್ಳುತ್ತಿದ್ದ. ಮಾವ ಬ್ರೇಕ್ ಹಾಕಿದರು, ಬಾಗಿಲು ಮಾತ್ರ ತೆಗೆಯಲಿಲ್ಲ. ಕುರ್ಚಿಯಿಂದ ಎದ್ದು ಪಕ್ಕಕ್ಕೆ ಸರಿದರು.

"ಎರಡು ಗಂಟೆ ಕಾದಿದಾರೆ. ಯಾಕೆ ತಡ ಆಯ್ತು ಅಂತ ಹೇಳ್ಬೇಕಲ್ವಾ? ತಡ ಆಗಿದ್ದು ನನ್ನಿಂದಲ್ಲ. ಬನ್ನಿ, ನೀವೇ ಹೇಳಿ."

ಅಳಿಯ ನಕ್ಕ. ಮಾವ ನಗಲಿಲ್ಲ. ಪರದೆಯಲ್ಲಿದ್ದವರೂ ನಗಲಿಲ್ಲ. ಅವನು ಒಮ್ಮೆ ಗಂಟಲು ಸರಿಮಾಡಿಕೊಂಡ, ಬಗ್ಗಿ ಪರದೆಯ ಹತ್ತಿರಕ್ಕೆ ಬಾಯಿ ತಂದ.

"ವೈರು ತಪ್ಪಾಗಿ ಸಿಕ್ಕಿಸಿದ್ದು ನಾನೇ" ಎಂದ, ಮೆಲ್ಲಗೆ. "ತಪ್ಪು ನಂದೇ. ಬೇಜಾರು ಮಾಡ್ಕೋಬೇಡಿ."

ಮಾವ ಗುಂಡಿ ಒತ್ತಿ ಬಾಗಿಲು ತೆಗೆದರು. ಜನ ಒಬ್ಬೊಬ್ಬರಾಗಿ ಹತ್ತಿದರು. ಹೆಂಡತಿ ಟಾರ್ಚ್ ಆರಿಸುವುದನ್ನೂ ಮರೆತು ನಿಂತಿದ್ದಳು.

"ಮದುವೆಯಾಗಿ ಒಂಬತ್ತು ವರ್ಷ ಆಯ್ತು" ಎಂದಳು. "ನಾನೂ ಆ ಸ್ಟಾಪಲ್ಲೇ ನಿಂತ್ಕೋಬೇಕಿತ್ತು."