ತಡವಾಗಿ ಕೂಗುವ ಸೈರನ್

"ಗಡಿಯಾರ ಸರಿ ಐತಿ ಅಂತ ಒಂದ ಮಾತು ಹೇಳಿಬಿಡ್ರಿ ಮೇಡಂ. ಇವರ ಬಾಯಿ ಮುಚ್ಚತೈತಿ."

ಕಾರಟಗಿಯ ಅಕ್ಕಿ ಗಿರಣಿಯ ಮಾಲೀಕ ಹೇಮಪ್ಪ ಕುರ್ಚಿ ಎಳೆದುಕೊಟ್ಟ. ಹುಡುಗಿ ಕೂರಲಿಲ್ಲ. "ಗಡಿಯಾರ ನೋಡಾಕ ಬಂದೀನ್ರಿ, ಶೈಲಶ್ರೀ ಅಂತ," ಎಂದವಳೇ ನೇರ ಕಂಪ್ಯೂಟರಿನ ಎದುರು ನಿಂತಳು. ಇಂಜಿನಿಯರನ್ನು ಕಳಿಸುತ್ತೇವೆಂದು ಗಂಗಾವತಿಯ ಅಂಗಡಿಯವರು ಬೆಳಗ್ಗೆ ಹೇಳಿದ್ದರು. ಹೆಣ್ಣುಮಗಳು ಬಂದಾಳೆಂದು ಅವನು ಎಣಿಸಿರಲಿಲ್ಲ, ಅಷ್ಟೆ.

ಗೇಟಿನ ಬಳಿ ಹೆಂಗಸರು ಕೆಲಸ ಬಿಟ್ಟು ಕೂತಿದ್ದರು. ತೌಡಿನ ಧೂಳಿಗೆ ಮುಖಕ್ಕೆ ಬಟ್ಟೆ ಬಿಗಿದ ಸಾಲು, ಕಣ್ಣಷ್ಟೇ ಕಾಣುತ್ತಿದ್ದವು. ಹೊರಗೆ ಭತ್ತದ ಲಾರಿಗಳು ನಿಂತಿದ್ದವು. ಕೆಲಸದವರ ಮೊಬೈಲನ್ನು ಗೇಟಿನಲ್ಲೇ ಇಡಿಸಿಕೊಳ್ಳುವ ಗಿರಣಿ ಅದು. ಒಳಗೆ ಹೊತ್ತು ಹೇಳುವುದು ಸೈರನ್, ಸೈರನ್ ಕೂಗಿಸುವುದು ಈ ಕಂಪ್ಯೂಟರಿನ ಗಡಿಯಾರ.

"ಕಡೀ ಟಂಟಂ ಆಟೋ ಹೋದ ಮ್ಯಾಲೆ ನಮ್ಮನ್ನ ಬಿಡ್ತಾನ," ದುರುಗವ್ವ ಎಲ್ಲರ ಪರವಾಗಿ ಕೂಗುತ್ತಿದ್ದಳು. "ಕತ್ತಲಾಗ ಕಾಲುವಿ ದಂಡಿ ಹಿಡದು ನಡೀಬೇಕು. ಗಡಿಯಾರ ಸರಿ ಆಗೋತನಕ ಒಂದ ಚೀಲ ಅಲುಗಂಗಿಲ್ಲ!"

"ಮುಂಜಾನಿ ಬರೋಬ್ಬರಿ ಇರತೈತಿ ಮೇಡಂ. ನಮ್ಮ ಮುನೀಮ ದಿನಾ ಸರಿ ಇಡ್ತಾನ."

"ತಡಾ ಮಾಡಿ ಬಂದೋರ ಪಗಾರ ಕಡಿಯಾಕ ಸರಿ ಇರಬೇಕಲ್ರಿ, ಸಾವ್ಕಾರ್ರ."

ಇಂಜಿನಿಯರ್ ಬಾಯಲ್ಲಿ ಸಾವ್ಕಾರ ಅನ್ನಿಸಿಕೊಂಡ ಖುಷಿಗೆ ಹೇಮಪ್ಪ ನಕ್ಕ. "ಎಲ್ಲಿ ಕಲ್ತೀರಿ?"

"ಕೊಪ್ಪಳದಾಗ ಕಂಪ್ಯೂಟರ್ ಡಿಪ್ಲೊಮಾ. ಕಲ್ತದ್ದಕ್ಕ ತಕ್ಕ ಕೆಲಸ ಇವತ್ತ ಸಿಕ್ಕೈತ್ರಿ."

ಅಕ್ಕಿಯಲ್ಲಿ ಕಲ್ಲು ಆರಿಸುವ ಕ್ಯಾಮೆರಾಗಳ ದುಡಿಮೆಯೂ ಅದೇ ಕಂಪ್ಯೂಟರಿನ ಹೆಗಲ ಮೇಲಿತ್ತು. ಅವಳು ಕ್ಯಾಮೆರಾಗಳನ್ನು ಚಾಲೂ ಮಾಡಿದಳು. ಕಂಪ್ಯೂಟರಿನ ಫ್ಯಾನು ಏದುಸಿರು ಬಿಟ್ಟಿತು. ಹೇಮಪ್ಪನ ಕೈಗಡಿಯಾರ ಬಿಚ್ಚಿಸಿ ಪರದೆಯ ಪಕ್ಕಕ್ಕೆ ಹಿಡಿದಳು. ಮುಳ್ಳು ಓಡಿತು, ಪರದೆಯ ಸೆಕೆಂಡು ಕುಂಟಿತು. ಕ್ಯಾಮೆರಾ ನಿಲ್ಲಿಸಿದಳು. ಎರಡೂ ಸಮಸಮ ನಡೆದವು.

"ಭಾರ ಬಿದ್ದಾಗ ಇದು ಸೆಕೆಂಡ್ ಎಣಿಸೋದು ಬಿಡತೈತ್ರಿ. ದಿನಾ ಹೊತ್ತು ಹಿಂದ ಬೀಳತೈತಿ. ಸೈರನ್ನಿಗೆ ಬ್ಯಾರೆ ಗಡಿಯಾರ ಹಾಕ್ರಿ."

ಹೇಮಪ್ಪ ದನಿ ತಗ್ಗಿಸಿದ. "ಇದು ನಮ್ಮ ನಿಮ್ಮೊಳಗ ಇರಲಿ. ಹೊರಗ ಸರಿ ಐತಿ ಅಂತ ಹೇಳ್ರಿ. ನಿಮಗ ಛಲೋ ನೋಡ್ಕೋತೀನಿ."

ಅವಳು ಕಿಟಕಿಯನ್ನು ದಢಾರನೆ ತೆರೆದಳು.

"ಗಡಿಯಾರ ಸುಳ್ಳ ಐತಿ! ಯಾರೂ ಏಳಬ್ಯಾಡ್ರಿ!"

ಗೇಟಿನಲ್ಲಿ ಕೇಕೆ ಎದ್ದಿತು. ಅಷ್ಟರಲ್ಲಿ ಹೇಮಪ್ಪನ ಫೋನು ಬಡಿದುಕೊಂಡಿತು.

"ಸರ್, ನಾ ರಫೀ, ಕಂಪ್ಯೂಟರ್ ಇಂಜಿನಿಯರ್. ಬಸ್ ಕೆಟ್ಟೈತ್ರಿ, ಇನ್ನೂ ಗಂಗಾವತಿ ದಾಟಿಲ್ಲ. ನಾ ಬರೂತನಕ ಯಾರಿಗೂ ಮುಟ್ಟಾಕ ಬಿಡಬ್ಯಾಡ್ರಿ."

ಹೇಮಪ್ಪ ಹುಡುಗಿಯ ಕಡೆ ತಿರುಗಿದ. ಮೇಡಂ ಎಂಬುದು ಬಾಯಿಂದ ಉದುರಿಹೋಗಿತ್ತು. "ಹಂಗಾರ ನೀ ಯಾಕಿ? ಯಾರ ಪಗಾರ ತಿಂದು ಇಲ್ಲಿ ಬಂದಿ?"

"ನಿಮ್ದ ರೀ, ಸಾವ್ಕಾರ್ರ. ಶನಿವಾರಕ್ಕೊಮ್ಮಿ ನೀವ ಕೈಯಾಗ ಇಡ್ತೀರಲ್ರಿ, ತೌಡು ತುಂಬೋ ಹೆಣ್ಮಕ್ಕಳ ಸಾಲಿನ್ಯಾಗ."